ಲಿಪಿಯ ಉಗಮವೂ ನಾಗರಿಕತೆಯ ಲಕ್ಷಣವೂ

ಲಿಪಿಯಿಲ್ಲದೆ ನಾಗರಿಕತೆಯಿಲ್ಲವೆಂಬ ಮತವು ಬಹುಕಾಲ ರೂಢವಾಗಿದ್ದಿತು. ೧೯೫೦ರಲ್ಲಿ ಗಾರ್ಡನ್ ಚೈಲ್ಡ್ ಎಂಬ ಪಂಡಿತರು ಆದಿನಗರಗಳಿಗೆ ಹೇಳಿದ ಹತ್ತು ಲಕ್ಷಣಗಳಲ್ಲಿ ಲೇಖನವೂ ಒಂದು. ಆದರೆ ಲಿಪಿಯು ಹುಟ್ಟಿದುದೇತಕ್ಕೆ? ಸುಮೇರಿನ ಉರುಕ್ ನಗರದ ಎಅನ್ನಾ ದೇವಾಲಯದ ಆವರಣದಲ್ಲಿ ದೊರೆತ, ಕ್ರಿ. ಪೂ. ೩೩೦೦ರ ಸುಮಾರಿನ ಮಣ್ಣಿನ ಫಲಕಗಳಲ್ಲಿ ರಾಜಪ್ರಶಸ್ತಿಯಿಲ್ಲ, ದೇವತಾಸ್ತುತಿಯಿಲ್ಲ; ಬಹುಪಾಲು ಜವೆಗೋಧಿ, ಕುರಿ, ಬಟ್ಟೆಗಳ ಲೆಕ್ಕ; ಉಳಿದವು ಪದಪಟ್ಟಿಗಳು. (ಶಾನುಭೋಗರ ಹಳೆಯ ಕಡತಗಳನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.) ಆಹಾರವನ್ನು ಸೂಚಿಸುವ ಚಿಹ್ನೆಯು ಆ ಕಾಲದ ಒರಟು ಬೋಗುಣಿಯನ್ನೇ ಹೋಲುತ್ತದೆ, ಅಂತಹ ಬೋಗುಣಿಗಳು ಅಲ್ಲಿ ರಾಶಿರಾಶಿಯಾಗಿ ದೊರೆತಿದ್ದು, ಆಳುಗಳಿಗೆ ಪಡಿಯಳೆಯಲು ಬಳಕೆಯಲ್ಲಿದ್ದುವೆಂದು ಹಲವರು ಊಹಿಸುವರು. ಆದುದರಿಂದ ನಗರಕ್ಕೆ ಮೊದಲು ಬೇಕಾದುದು ಅಕ್ಷರವಲ್ಲ, ಉಗ್ರಾಣದ ಲೆಕ್ಕವೆನ್ನುವುದೇ ಯುಕ್ತ. ಪೆರುವಿನ ಇಂಕರಾದರೋ ಆ ಲೆಕ್ಕವನ್ನು ಗಂಟುಹಾಕಿದ ದಾರಗಳಲ್ಲಿಯೇ ಇರಿಸಿ ವಿಶಾಲಸಾಮ್ರಾಜ್ಯವನ್ನಾಳಿದರು.