ಖಾನೇಷುಮಾರಿಯ ಕಡತಗಳೂ ಗ್ರಂಥಸ್ವಾಮ್ಯವೂ

ಇಂಗ್ಲೆಂಡಿನಲ್ಲಿ ಅರಸರ ಹಾಗೂ ಸಾಮಂತರ ವಂಶಾವಳಿಗಳನ್ನು ಕಾಪಾಡಲು ಅದಕ್ಕೆಂದೇ ನಿಯಮಿತರಾದ ಲೇಖಕರು ಪೂರ್ವದಿಂದಲೂ ಇದ್ದರು. ಕಲ್ಲಿದ್ದಲ ಗಣಿಯಲ್ಲಿ ದುಡಿದು ಮಡಿದವನ, ಪರರ ಮನೆಯ ಮುಸುರೆ ತಿಕ್ಕಿ ಮುದುಕಿಯಾದವಳ ವಂಶವನ್ನು ಬರೆದಿಟ್ಟವರಾರು? ಚರ್ಚಿನ ಪುಸ್ತಕಗಳಲ್ಲಿ ಜ್ಞಾನಸ್ನಾನ, ವಿವಾಹ, ಸಮಾಧಿ ಎಂಬ ಒಂಟಿ ಸಾಲುಗಳುಂಟು. ಆದರೆ ತಂದೆ, ತಾಯಿ, ಮಕ್ಕಳು, ಆಳುಗಳು, ಅತಿಥಿಗಳು ಎಲ್ಲರನ್ನೂ ಒಂದೇ ರಾತ್ರಿ ಒಂದೇ ಸೂರಿನ ಕೆಳಗೆ ಕೂಡಿಸಿ ತೋರಿಸುವುದು ಖಾನೇಷುಮಾರಿಯ ಕಡತವೊಂದೇ.

ಆ ದೇಶದಲ್ಲಿ ಜನರನ್ನು ಎಣಿಸುವ ಕ್ರಮ 1801ರಲ್ಲಿಯೇ ಪ್ರಾರಂಭವಾಯಿತಾದರೂ ಮನೆಮನೆಯ ಹೆಸರುಗಳನ್ನು ಎಲ್ಲೆಡೆಯೂ ಬರೆಯತೊಡಗಿದುದು 1841ರಲ್ಲಿ. ಆಗಿನ ಬರವಣಿಗೆಯೂ ಅರೆಬರೆಯೇ. ಹದಿನೈದು ವರ್ಷಕ್ಕೆ ಮೇಲ್ಪಟ್ಟವರ ವಯಸ್ಸನ್ನು ಐದೈದರ ಮೆಟ್ಟಿಲಿಗೆ ಇಳಿಸಿ ಬರೆಯಬೇಕೆಂದು ಆಜ್ಞೆಯಿದ್ದುದರಿಂದ 39 ವರ್ಷದವನು ಕಡತದಲ್ಲಿ 35ರವನಾದನು. ಹುಟ್ಟಿದ ಊರು, ಯಜಮಾನನೊಡನೆ ಇರುವ ಸಂಬಂಧ ಇವು ಸೇರಿದುದು 1851ರಲ್ಲಿ. ವಂಶಶೋಧಕನಿಗೆ ನಿಜವಾದ ಸುಗ್ಗಿ ಅಲ್ಲಿಂದ ಮುಂದೆ.

ಈ ಪುಸ್ತಕಗಳಿಗೆ ಒಡೆಯರಾರು ಎಂಬ ಪ್ರಶ್ನೆ ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಅಜ್ಜನ ಹೆಸರಿಗೆ ಮೊಮ್ಮಗನಲ್ಲದೆ ಮತ್ತಾರು ಒಡೆಯರು? ಕಾನೂನಿನ ದೃಷ್ಟಿ ಬೇರೆ. ಹೆಸರು, ವಯಸ್ಸು ಮೊದಲಾದ ಸಂಗತಿಗಳಿಗೆ ಸ್ವಾಮ್ಯವಿಲ್ಲ. ಅವನ್ನು ಬರೆದಿಟ್ಟ ಲೇಖ್ಯಕ್ಕೆ ಸ್ವಾಮ್ಯವುಂಟು. ಸರ್ಕಾರದ ನೌಕರನು ಬರೆದುದರ ಸ್ವಾಮ್ಯ ಆ ದೇಶದಲ್ಲಿ ಸಿಂಹಾಸನಕ್ಕೆ ಸಲ್ಲುತ್ತದೆ. ಪ್ರಕಟವಾಗದ ಲೇಖ್ಯಗಳ ಮೇಲೆ ಈ ರಾಜಸ್ವಾಮ್ಯಕ್ಕೆ ಹಿಂದೆ ಕೊನೆಯೇ ಇರಲಿಲ್ಲ. 1988ರ ಶಾಸನವು ಅದಕ್ಕೆ 125 ವರ್ಷಗಳ ಮಿತಿಯನ್ನು ಕಟ್ಟಿತು. ಆದರೆ ಹಳೆಯ ಅಪ್ರಕಟಿತ ಲೇಖ್ಯಗಳಿಗೆ 2039ರ ಕೊನೆಯವರೆಗೆ ಅವಕಾಶವನ್ನಿತ್ತಿತು. ಹೀಗೆ 1841ರಲ್ಲಿ ಹಳ್ಳಿಯ ಎಣಿಕೆಗಾರನೊಬ್ಬನು ಅವಸರದಲ್ಲಿ ಗೀಚಿದ ಪುಟಕ್ಕೆ ಮಹಾಕವಿಗಳ ಕಾವ್ಯಕ್ಕೂ ದೊರೆಯದ ದೀರ್ಘಾಯುಷ್ಯ ಲಭಿಸಿತು! 1999ರಲ್ಲಿ ಸರ್ಕಾರವು, ಸಾರ್ವಜನಿಕರಿಗೆ ತೆರೆದಿರುವ ಇಂತಹ ಅಪ್ರಕಟಿತ ದಾಖಲೆಗಳ ಮೇಲಿನ ತನ್ನ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಸಾರಿತು. ಅಂದಿನಿಂದ ಬರಹವನ್ನು ನಕಲು ಮಾಡುವುದಕ್ಕೂ ಅಚ್ಚು ಹಾಕಿಸುವುದಕ್ಕೂ ಬಂಧುಗಳಿಗೆ ಹಂಚುವುದಕ್ಕೂ ಅಡ್ಡಿಯಿಲ್ಲ.

ಬರಹ ಬಿಡುಗಡೆ ಹೊಂದಿದರೂ ಅದನ್ನು ತಲಪುವ ದಾರಿಯಲ್ಲಿ ಸುಂಕದ ಕಟ್ಟೆಗಳು ಉಳಿದವು. ಪುಟದ ಛಾಯಾಪ್ರತಿ ಬೇರೆ, ಬರಹ ಬೇರೆ. ಕೋಟ್ಯಂತರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ಸೂಚಿಯಂತೂ ಮೂರನೆಯ ವಸ್ತು. ಅಮೆರಿಕದ ಸರ್ವೋಚ್ಚ ನ್ಯಾಯಪೀಠವು 1991ರಲ್ಲಿ, ದೂರವಾಣಿಯ ಪಟ್ಟಿಯೊಂದರ ವ್ಯಾಜ್ಯದಲ್ಲಿ, ಬೆವರು ಸುರಿಸಿದ ಮಾತ್ರಕ್ಕೆ ಗ್ರಂಥಸ್ವಾಮ್ಯ ಹುಟ್ಟದೆಂದು ತೀರ್ಪಿತ್ತಿತು. ಯೂರೋಪಿನ ರಾಷ್ಟ್ರಗಳಾದರೋ 1996ರ ನಿರ್ದೇಶದಂತೆ, ಹಣ ಹೂಡಿ ಕಟ್ಟಿದ ದತ್ತಸಂಗ್ರಹಕ್ಕೆ ಹದಿನೈದು ವರ್ಷಗಳ ಬೇರೊಂದು ರಕ್ಷಣೆಯನ್ನು ಒದಗಿಸಿದವು. ಆದುದರಿಂದ ತನ್ನ ಮುತ್ತಜ್ಜಿಯ ಸಾಲನ್ನು ಒಬ್ಬನು ನಕಲು ಮಾಡಿ ಹಂಚಬಹುದು. ಕಂಪನಿಯ ಸೂಚಿಯನ್ನು ಇಡಿಯಾಗಿ ಎತ್ತಿ ಹಂಚಲಾಗದು. ಈ ಭೇದವನ್ನರಿಯದೆ ಅಂಜಿ ಸುಮ್ಮನಾದವರೂ ಉಂಟು, ಅರಿಯದೆ ಅನ್ಯರ ಶ್ರಮವನ್ನು ಅಪಹರಿಸಿದವರೂ ಉಂಟು.

ಹೆಸರುಗಳನ್ನು ನಿಜವಾಗಿ ಜನರ ಕೈಗೆ ತಲಪಿಸಿದವರು ಸಂಬಳವಿಲ್ಲದೆ ದುಡಿದ ಸಾಮಾನ್ಯರು. 1881ರ ಖಾನೇಷುಮಾರಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಿಂದಲೇ ಸುಮಾರು 2 ಕೋಟಿ 60 ಲಕ್ಷ ಹೆಸರುಗಳಿವೆ. ಕುಟುಂಬಚರಿತ್ರೆಯ ಸಂಘಗಳ ಸದಸ್ಯರು ಯೂಟಾ ಪ್ರಾಂತದ ವಂಶಾವಳಿ ಸಂಘದೊಡನೆ ಕೂಡಿ, ಹಲವು ವರ್ಷ ಮನೆಗಳಲ್ಲಿ ಕುಳಿತು, ಮಸುಕಾದ ಪ್ರತಿಗಳಿಂದ ಅವನ್ನು ಬಿಡಿಸಿ ಬರೆದರು. 1999ರಲ್ಲಿ ಆ ಸೂಚಿ ಅಡಕಮುದ್ರಿಕೆಗಳಲ್ಲಿ ಹೊರಬಂದಿತು. ಅನಂತರ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯಿತು. 1901ರ ಕಡತಗಳನ್ನು 2002ರ ಜನವರಿ 2ರಂದು ಅಂತರ್ಜಾಲದಲ್ಲಿ ತೆರೆದಾಗ ನುಗ್ಗಿದ ಜನಸಂದಣಿಯನ್ನು ತಾಳಲಾರದೆ ವ್ಯವಸ್ಥೆಯೇ ಕುಸಿದು, ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಸಾಮಾನ್ಯನಿಗೆ ತನ್ನ ಹಿರಿಯರಲ್ಲಿ ಆಸಕ್ತಿಯಿಲ್ಲವೆಂಬ ಮಾತಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿರಲಿಲ್ಲ. 2022ರಲ್ಲಿ ಹೊರಬಂದ 1921ರ ಕಡತಗಳಿಗೆ ಕಂಪನಿಯೊಂದು ಮೊದಲಲ್ಲಿ ಛಾಯಾಪ್ರತಿಯೊಂದಕ್ಕೆ ಮೂರೂವರೆ ಪೌಂಡು ಬೆಲೆಯಿಟ್ಟಿತು. ಅದೇ ವರ್ಷ ಏಪ್ರಿಲ್ 1ರಂದು ಅಮೆರಿಕವು ತನ್ನ 1950ರ ಕಡತಗಳನ್ನು ಸರ್ವರಿಗೂ ಉಚಿತವಾಗಿ ತೆರೆಯಿತು. ಅಲ್ಲಿನ ಕೇಂದ್ರ ಸರ್ಕಾರದ ಲೇಖ್ಯಗಳಿಗೆ ಆ ದೇಶದಲ್ಲಿ ಗ್ರಂಥಸ್ವಾಮ್ಯವೇ ಇಲ್ಲ.

ಭಾರತದಲ್ಲಿ ಈ ವಿವಾದ ಬೆಳೆಯಲು ನೆಲೆಯೇ ಇಲ್ಲ. 1948ರ ಜನಗಣತಿ ಶಾಸನದ 15ನೆಯ ಕಲಮು ಎಣಿಕೆಯ ಪುಸ್ತಕಗಳನ್ನು ನೋಡುವ ಹಕ್ಕು ಯಾರಿಗೂ ಇಲ್ಲವೆನ್ನುತ್ತದೆ. ಇಷ್ಟು ವರ್ಷ ಕಳೆದ ಮೇಲೆ ತೆರೆಯಬಹುದೆಂಬ ಮಾತು ಅಲ್ಲಿಲ್ಲ. ಮೈಸೂರು ಸಂಸ್ಥಾನದ 1871ರ, 1891ರ ಅಚ್ಚಾದ ವರದಿಗಳ ಸ್ವಾಮ್ಯ ಎಂದೋ ತೀರಿದೆ. ಆದರೆ ಅವುಗಳಲ್ಲಿ ಜಾತಿ, ಕಸುಬು, ತಾಲ್ಲೂಕುಗಳ ಅಂಕಿಗಳುಂಟೇ ಹೊರತು ಮನೆಮನೆಯ ಹೆಸರುಗಳಿಲ್ಲ. ಕನ್ನಡನಾಡಿನ ಒಕ್ಕಲು ಮನೆತನಗಳ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದವರು ಎತ್ತನ್ನೇರಿ ಊರೂರು ತಿರುಗಿದ ಹೆಳವರು.

ಗೋಪ್ಯತೆಗೂ ಸಕಾರಣವಿದೆ. ಮನೆಯ ಒಳಗುಟ್ಟನ್ನು ಸರ್ಕಾರವನ್ನು ನಂಬಿ ಹೇಳಿದವರು ಬದುಕಿರುವಷ್ಟು ಕಾಲ ಆ ನಂಬಿಕೆ ಉಳಿಯಬೇಕು. ಇಂಗ್ಲೆಂಡಿನಲ್ಲಿ ನೂರು ವರ್ಷಗಳ ಬೀಗವನ್ನು 1966ರಲ್ಲಿ ಸ್ಥಿರಪಡಿಸಿದುದು ಇದಕ್ಕಾಗಿಯೇ. ಆದರೆ ನಕಲಿಲ್ಲದ ಕಡತವು ಬೀಗದೊಳಗೆ ಸುರಕ್ಷಿತವೆಂದು ತಿಳಿಯುವುದು ಭ್ರಮೆ. 1942ರ ಡಿಸೆಂಬರ್ ತಿಂಗಳಲ್ಲಿ ಮಿಡಲ್‌ಸೆಕ್ಸಿನ ಹೇಯ್ಸ್ ಎಂಬಲ್ಲಿನ ಉಗ್ರಾಣಕ್ಕೆ ಬೆಂಕಿ ತಗುಲಿ ಇಂಗ್ಲೆಂಡು ವೇಲ್ಸುಗಳ 1931ರ ಕಡತಗಳೆಲ್ಲ ಬೂದಿಯಾದವು. ಯುದ್ಧಕಾಲವಾದರೂ ಅದು ಶತ್ರುವಿನ ಬಾಂಬಿನಿಂದಾದುದಲ್ಲ. ಬೇರೆಡೆ ಇದ್ದ ಸ್ಕಾಟ್ಲೆಂಡಿನ ಕಡತಗಳು ಉಳಿದುಕೊಂಡವು. ಯುದ್ಧದ ನಿಮಿತ್ತ 1941ರಲ್ಲಿ ಎಣಿಕೆಯೇ ನಡೆಯಲಿಲ್ಲ. 1921ರ ಮುಂದಿನ ಇಂಗ್ಲೆಂಡಿನ ಖಾನೇಷುಮಾರಿಯ ಪುಟವೆಂದರೆ ಈಗ 1951ರದೇ. ನೂರು ವರ್ಷಗಳ ನಿಯಮದಂತೆ ಅದನ್ನು 2052ಕ್ಕೆ ಮೊದಲು ತೆರೆಯುವಂತಿಲ್ಲ.