ವಜ್ರಮುಷ್ಟಿ ಮತ್ತು ನಾಡಕುಸ್ತಿ: ಮೈಸೂರು ಸೀಮೆಯ ಎರಡು ಮಲ್ಲವಿದ್ಯೆಗಳು

ಮೈಸೂರು ದಸರಾ ಸಂದರ್ಭದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೂ ನಾಡಕುಸ್ತಿಯನ್ನೂ ಒಂದೇ ಮಲ್ಲವಿದ್ಯೆಯ ಎರಡು ಕವಲುಗಳೆಂದು ಹೇಳುವ ರೂಢಿಯಿದೆ. ಮುಷ್ಟಿಯಲ್ಲಿ ಆಯುಧವಿದ್ದರೆ ಮೊದಲನೆಯದು, ಬರಿಗೈಯಾದರೆ ಎರಡನೆಯದು ಎಂಬಲ್ಲಿಗೆ ಈ ವಿವರಣೆ ನಿಂತುಬಿಡುತ್ತದೆ. ಆದರೆ ಕಾದಾಟ ಎಲ್ಲಿಗೆ ಮುಗಿಯಿತೆಂದು ತೀರ್ಮಾನಿಸುವ ನಿಯಮವನ್ನು ಗಮನಿಸಿದರೆ ಇವುಗಳ ಅಂತರ ಆಯುಧಕ್ಕಿಂತ ಆಳವಾದುದೆಂದು ತಿಳಿಯುತ್ತದೆ. ವಜ್ರಮುಷ್ಟಿಯಲ್ಲಿ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ 'ಚಿತ್' ಆಗಬೇಕು.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣವು ಮಲ್ಲರ ದರ್ಜೆ, ಆಹಾರ ಹಾಗೂ ಸಾಮುಗಳನ್ನು ವಿವರಿಸುವುದರಿಂದ ಎರಡೂ ಕಲೆಗಳು ಅದನ್ನು ತಮ್ಮ ಹಿರಿಯ ಆಧಾರವಾಗಿ ಕಾಣುವುದು ಸಹಜ. ರಕ್ತ ಹರಿಸುವ ಕಾಳಗದ ಸ್ಪಷ್ಟ ಚಿತ್ರ ದೊರೆಯುವುದು ವಿಜಯನಗರದಲ್ಲಿ. 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್, ಅರಸನ ಮುಂದೆ ಕಾದುವ ಮಲ್ಲರು ಮೊನೆಗಳುಳ್ಳ ಬಳೆಯಾಕಾರದ ಸಾಧನಗಳನ್ನು ಕೈಯಲ್ಲಿ ಹಿಡಿದು ಪರಸ್ಪರ ಗಾಯಗೊಳಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆ ವಸ್ತ್ರದ ಉಡುಗೊರೆ ಪಡೆಯುತ್ತಿದ್ದನೆಂದೂ ಬರೆದಿದ್ದಾನೆ. ಈ ಕೊನೆಯ ವಿವರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಗಾಯಾಳುವಿಗೇ ಉಡುಗೊರೆ ಸಲ್ಲುವ ಕಾಳಗವನ್ನು ಬರಿಯ ಸ್ಪರ್ಧೆ ಎನ್ನಲಾಗದು. ಅಲ್ಲಿ ರಕ್ತವು ಸೋಲಿನ ಗುರುತಾಗಿರದೆ ಅರಸನ ಹಬ್ಬಕ್ಕೆ ಸಲ್ಲಿಸುವ ಕಾಣಿಕೆಯಂತಿತ್ತು.

ಇಂಥ ಸೇವೆಯನ್ನು ಮೈಸೂರಿನಲ್ಲಿ ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದವರು ಜಟ್ಟಿಗಳು. ಇವರ ಹೆಸರಿನ ಮೂಲವಾದ 'ಜ್ಯೇಷ್ಠಿ' ಎಂಬುದು ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲ ಬ್ರಾಹ್ಮಣರನ್ನು ನೆನಪಿಸುತ್ತದೆ. 'ಮಲ್ಲಪುರಾಣ' ಎಂಬ ಸಂಸ್ಕೃತ ಗ್ರಂಥ ಆ ಸಮುದಾಯದ್ದೇ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿಯ ಕಥನ 1824ರಲ್ಲಿ ಪ್ರಕಟವಾಯಿತು. ಬೋಳಿಸಿದ ತಲೆ, ಎಣ್ಣೆ ಸವರಿದ ಮೈ, ಬಲಗೈ ಬೆರಳ ಗೆಣ್ಣುಗಳ ಮೇಲೆ ಉಗುರಿನಂಥ ಮೊನೆಗಳು ಅದರಲ್ಲಿ ಕಾಣುವ ಜಟ್ಟಿಯ ರೂಪ. ಇಂದಿಗೂ ವಿಜಯದಶಮಿಯಂದು ಜಂಬೂಸವಾರಿಗೆ ಮುನ್ನ ಅರಮನೆಯ ತೊಟ್ಟಿಯಲ್ಲಿ, ಎಂದರೆ ಒಳಾಂಗಣದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರಾಗುತ್ತಾರೆ. ಕಾಳಗ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ನಾಡಕುಸ್ತಿಯಲ್ಲಿ ಮೈಗೆ ಅಂಟುವುದು ಮಣ್ಣು. ಎಣ್ಣೆ ಹಿಡಿತವನ್ನು ಜಾರಿಸಿದರೆ, ಮಟ್ಟಿಯ ಕೆಮ್ಮಣ್ಣು ಹಿಡಿತವನ್ನು ಬಿಗಿಗೊಳಿಸುತ್ತದೆ. ಹೀಗಾಗಿ ಕುಸ್ತಿಯ ಜಾಣ್ಮೆಯೆಲ್ಲ ಪಟ್ಟು ಹಾಕುವುದರಲ್ಲಿ ಮತ್ತು ಬಿಡಿಸಿಕೊಳ್ಳುವುದರಲ್ಲಿ ನೆಲೆಸಿದೆ. ಕುಸ್ತಿ, ಪೈಲ್ವಾನ್, ಉಸ್ತಾದ್ ಎಂಬ ಪದಗಳು ಪಾರಸಿಯ ಕಡೆಯಿಂದ ಬಂದವು. ಆದರೆ ಉಸ್ತಾದರ ಕೈಕೆಳಗೆ ದಂಡ, ಬಸ್ಕಿ ಹೊಡೆಯುವ ಗರಡಿಮನೆಯಲ್ಲಿ ಪೂಜೆಗೊಳ್ಳುವವನು ಆಂಜನೇಯ. ಹುಟ್ಟಿನ ಹಕ್ಕು ಕೇಳದ ಈ ಮನೆಗೆ ಬೇರೆಬೇರೆ ಜಾತಿಗಳ ಹಿಂದೂ ಯುವಕರೂ ಮುಸ್ಲಿಮರೂ ಬಂದರು. ಅರಮನೆಯ ಆಶ್ರಯ ತಪ್ಪಿದ ಬಳಿಕವೂ ಕುಸ್ತಿ ಬೀದಿಗಳ ಬಲದಿಂದ ಉಳಿಯಿತು. ದಸರೆಗೆ ಮೊದಲು ಸಮಬಲರನ್ನು ಆರಿಸಿ 'ಜೋಡಿ ಕಟ್ಟುವುದು' ಇಂದು ಸಾರ್ವಜನಿಕ ಕಾರ್ಯಕ್ರಮವೇ ಆಗಿದೆ. ವಜ್ರಮುಷ್ಟಿಗೆ ಹಾಗೆ ಹರಡುವ ದಾರಿಯಿರಲಿಲ್ಲ, ಏಕೆಂದರೆ ಕುಲ, ತಿಥಿ, ಅರಮನೆ ಈ ಮೂರೂ ಕೂಡಿದಾಗಲೇ ಅದಕ್ಕೆ ಅರ್ಥ.

ಜನರ ಮಾತಿನಲ್ಲಿ ಮಾತ್ರ ಎರಡೂ ಬೆರೆತುಹೋಗಿವೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯಲ್ಲಿ ಹೆಸರು ವಜ್ರಮುಷ್ಟಿಯವನದು, ಮಣ್ಣು ಕುಸ್ತಿಯ ಮಟ್ಟಿಯದು.