ಕಲ್ಯಾಣದ ಮತ್ಸ್ಯವಿನೋದ

ಹುಮನಾಬಾದಿನ ಶಾಲೆಯಲ್ಲಿ ನನ್ನಿಂದ ಇತಿಹಾಸ ಕಲಿತವರಿಗೆ ಮೂರನೆಯ ಸೋಮೇಶ್ವರನ ಹೆಸರು ನೆನಪಿರಬಹುದು. ಪಾಠದಲ್ಲಿ ಅವನಿಗೆ ದೊರೆಯುತ್ತಿದ್ದುದು ಎರಡೇ ಸಾಲು: ಆರನೆಯ ವಿಕ್ರಮಾದಿತ್ಯನ ಮಗ, ‘ಮಾನಸೋಲ್ಲಾಸ’ದ ಕರ್ತೃ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಈಚೆಗೆ ಅಮೆರಿಕದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದ ದೀರ್ಘ ಪತ್ರ ನನ್ನನ್ನು ಮತ್ತೆ ಆ ಎರಡು ಸಾಲುಗಳ ಬಳಿಗೆ ಕರೆದೊಯ್ದಿತು. ಅವಳಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೆ, ಅದೇ ರೋಗವನ್ನು ಕಂಡ ಹೆಂಗಸರಿಗಾಗಿ ನಡೆಸುವ ಮೀನು ಹಿಡಿಯುವ ಶಿಬಿರವೊಂದಕ್ಕೆ ಹೋಗಿಬಂದಳಂತೆ. “ಸರ್, ನಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುತ್ತಿರಲಿಲ್ಲ, ನಿಮಗೆ ನಗು ಬರಬಹುದು” ಎಂದು ಬರೆದಿದ್ದಾಳೆ. ನಗು ಬರಲಿಲ್ಲ. ನಮ್ಮ ಅಕ್ಕನ ನೆನಪು ಬಂತು. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾಳೆ.)

ಮೊದಲು ಸೋಮೇಶ್ವರನ ವಿಷಯ. 1126ರ ಸುಮಾರಿಗೆ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಸಿಂಹಾಸನವೇರಿ 1138ರವರೆಗೆ ಆಳಿದ ಈ ಚಾಲುಕ್ಯ ದೊರೆಗೆ ‘ಸರ್ವಜ್ಞ ಚಕ್ರವರ್ತಿ’ ಎಂಬ ಬಿರುದಿತ್ತು. ಬಿರುದುಗಳನ್ನು ನಾನು ಸಾಮಾನ್ಯವಾಗಿ ನಂಬುವವನಲ್ಲ. ಈ ಒಂದು ಬಿರುದನ್ನು ಮಾತ್ರ ಅವನು ಸಂಪಾದಿಸಿದ್ದಾನೆ ಎನಿಸುತ್ತದೆ. 1130ರ ಆಸುಪಾಸಿನಲ್ಲಿ ರಚಿತವಾದ ಅವನ ಸಂಸ್ಕೃತ ಗ್ರಂಥದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಅದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಉಂಟು. ನಾಲ್ಕನೆಯ ವಿಂಶತಿಯ ತುಂಬ ಅರಸನ ವಿನೋದಗಳು: ಗಜ, ಅಶ್ವ, ಮಲ್ಲಯುದ್ಧ, ಕೋಳಿಯಂಕ, ಗೀತ, ನೃತ್ಯ, ಕಥೆ. ಇವುಗಳ ನಡುವೆ ಒಂದು ಅಧ್ಯಾಯ ‘ಮತ್ಸ್ಯವಿನೋದ’.

ಸುಮಾರು 35 ಬಗೆಯ ಮೀನುಗಳನ್ನು ಅವನು ಅಲ್ಲಿ ಹೆಸರಿಸುತ್ತಾನೆ. ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೂ ಬಿಡುವುದಿಲ್ಲ. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಈ ಕೃತಿ 1925ರಿಂದ ಮೂರು ಸಂಪುಟಗಳಾಗಿ ಅಚ್ಚಾಯಿತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಪ್ರಬಂಧ ಬರೆದು ಇದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಇಂಗ್ಲಿಷಿನಲ್ಲಿ ಗಾಳದ ವಿದ್ಯೆಯ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಅಂದರೆ ನಮ್ಮ ಕಲ್ಯಾಣಕ್ಕಿಂತ ಮೂರೂವರೆ ಶತಮಾನಗಳಿಗೂ ಹೆಚ್ಚು ತಡವಾಗಿ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಆ ಪುಸ್ತಕವನ್ನು ಪರಂಪರೆಯು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಗೆ ಸಲ್ಲಿಸುತ್ತದೆ. ವಿದ್ವಾಂಸರು ಇದನ್ನು ಸಂಶಯಿಸುತ್ತಾರೆ. ಆದರೂ ಗಾಳ ಹಿಡಿದ ಹೆಣ್ಣೊಬ್ಬಳನ್ನು ಅಲ್ಲಿಯ ಜನ ಶತಮಾನಗಳಷ್ಟು ಹಿಂದೆಯೇ ಕಲ್ಪಿಸಿಕೊಂಡಿದ್ದರು. ಸೋಮೇಶ್ವರನ ವಿನೋದವಾದರೋ ಅರಸನಿಗಾಗಿಯೇ ಇದ್ದದ್ದು.

ಇನ್ನು ಶಿಬಿರದ ಕಥೆ. 1996ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ‘ಕಾಸ್ಟಿಂಗ್ ಫಾರ್ ರಿಕವರಿ’ ಎಂಬ ಸಂಸ್ಥೆ ಹುಟ್ಟಿತು. ಹುಟ್ಟುಹಾಕಿದವರು ಬೆನಿಟಾ ವಾಲ್ಟನ್ ಎಂಬ ಶಸ್ತ್ರವೈದ್ಯೆ ಮತ್ತು ಗ್ವೆನ್ ಪರ್ಕಿನ್ಸ್ ಬೊಗಾರ್ಟ್ ಎಂಬ ಫ್ಲೈ ಫಿಶಿಂಗ್ ಪರಿಣತೆ. ಫ್ಲೈ ಫಿಶಿಂಗ್ ಎಂದರೆ ನಮ್ಮ ಹಳ್ಳದ ಗಾಳದಂತಲ್ಲ. ಗರಿ, ನೂಲುಗಳನ್ನು ಸುತ್ತಿ ಹುಳುವಿನಂತೆ ಮಾಡಿದ ಕೊಂಡಿಗೆ ತೂಕವೇ ಇರುವುದಿಲ್ಲ, ತೂಕವಿರುವುದು ದಾರಕ್ಕೆ. ತೋಳನ್ನು ಹಿಂದಕ್ಕೆ, ಮುಂದಕ್ಕೆ ಲಯಬದ್ಧವಾಗಿ ಬೀಸಿ ಆ ದಾರವನ್ನು ಗಾಳಿಯಲ್ಲಿ ಬಿಡಿಸಬೇಕು. ಸ್ತನದ ಶಸ್ತ್ರಚಿಕಿತ್ಸೆಯ ಅನಂತರ ಭುಜ ಬಿಗಿದುಕೊಂಡವರಿಗೆ ವೈದ್ಯರು ಹೇಳಿಕೊಡುವ ವ್ಯಾಯಾಮಕ್ಕೂ ಈ ಬೀಸಿಗೂ ಹೋಲಿಕೆಯಿದೆ ಎಂಬುದು ಆ ಇಬ್ಬರಿಗೆ ಹೊಳೆದ ವಿಚಾರ. ಎರಡೂವರೆ ದಿನದ ಶಿಬಿರ, ಒಮ್ಮೆಗೆ ಸಾಮಾನ್ಯವಾಗಿ 14 ಹೆಂಗಸರು. ಊಟ, ವಸತಿ, ಸಲಕರಣೆ ಎಲ್ಲವೂ ಉಚಿತ. ಜೊತೆಗೆ ವೈದ್ಯಕೀಯ ಸಿಬ್ಬಂದಿಯೂ ಆಪ್ತಸಲಹೆಗಾರರೂ ಇರುತ್ತಾರೆ. ಕೊನೆಯ ದಿನ ಒಬ್ಬೊಬ್ಬರಿಗೆ ಒಬ್ಬೊಬ್ಬ ಸಹಾಯಕರು ನದಿಯಲ್ಲಿ ಜೊತೆಯಾಗುತ್ತಾರೆ. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುತ್ತಾರೆ. (ಬಿಟ್ಟರೂ ಕೊಂಡಿ ಚುಚ್ಚಿದ್ದು ಚುಚ್ಚಿದ್ದೇ ಅಲ್ಲವೆ ಎಂದು ನನ್ನಂಥ ಶಾಕಾಹಾರಿ ಕೇಳದಿರಲಾರ. ಪತ್ರ ಬರೆದವಳನ್ನೂ ಕೇಳಿದೆ. “ಹೌದು ಸರ್, ನನಗೂ ಹಾಗೇ ಅನಿಸಿತು, ಆದರೂ ಹೋದೆ” ಎಂದಳು. ಈ ಉತ್ತರ ನನಗೆ ಹಿಡಿಸಿತು.)

ಅದೇ 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ 24 ಮಹಿಳೆಯರನ್ನು ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಇದು ಆ ಕಾಲದ ವೈದ್ಯಕೀಯ ನಂಬಿಕೆಗೆ ವಿರುದ್ಧವಾಗಿತ್ತು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಕೈಗೆ ಹೆಚ್ಚು ಕೆಲಸ ಕೊಟ್ಟರೆ ದ್ರವ ತುಂಬಿ ಕೈ ಬಾತುಕೊಳ್ಳುತ್ತದೆ, ಒಮ್ಮೆ ಬಾತರೆ ಇಳಿಯುವುದು ಕಷ್ಟ ಎಂಬ ಭಯ ಎಲ್ಲೆಡೆಯೂ ಇತ್ತು. ಋತು ಮುಗಿದಾಗ ನೋಡಿದರೆ ಆ 24 ಮಂದಿಯಲ್ಲಿ ಯಾರಿಗೂ ಹೊಸದಾಗಿ ಬಾವು ಬಂದಿರಲಿಲ್ಲ. 1998ರಲ್ಲಿ ಮೆಕೆಂಜಿ ಇದನ್ನು ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಇಸವಿಯ ಮೇಲೆ ನಾನು ಬೆರಳಿಟ್ಟು ಕೂತಿದ್ದೇನೆ. ಏಕೆಂದರೆ ನಮ್ಮ ಅಕ್ಕನ ಶಸ್ತ್ರಚಿಕಿತ್ಸೆ ಆದದ್ದು 1987ರಲ್ಲಿ.

ಅಕ್ಕ ನಮ್ಮ ದೊಡ್ಡಪ್ಪನ ಮಗಳು, ಬಸವಕಲ್ಯಾಣಕ್ಕೆ ಕೊಟ್ಟಿತ್ತು. ನಮ್ಮ ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ್ ಸಂಸ್ಥಾನದ, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿತ್ತಾದ್ದರಿಂದ ದೊಡ್ಡ ಕಾಯಿಲೆ ಎಂದರೆ ಜನ ಹೈದರಾಬಾದಿನ ದಾರಿ ಹಿಡಿಯುತ್ತಿದ್ದರು. ಅಲ್ಲಿಯ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆ 1955ರದು. ಬೆಂಗಳೂರಿನ ಕಿದ್ವಾಯಿ 1973ರದು, ಅದು ನಮಗೆ ಬಲು ದೂರ. ಅಕ್ಕನಿಗೂ ಹೈದರಾಬಾದಿನಲ್ಲಿಯೇ ಚಿಕಿತ್ಸೆಯಾಯಿತು. ಹೊರಡುವಾಗ ವೈದ್ಯರು ಹೇಳಿದ್ದು ಒಂದೇ ಮಾತು: ಎಡಗೈಯಿಂದ ಭಾರ ಎತ್ತಬೇಡಿ. ಆ ಒಂದು ಮಾತನ್ನು ನಾವು ಮನೆಯವರು ಪ್ರೀತಿಯಿಂದ ಹಿಗ್ಗಿಸುತ್ತ ಹೋದೆವು. ಕೊಡ ಎತ್ತಬೇಡ ಎಂದದ್ದು ಸರಿ. ರೊಟ್ಟಿ ಬಡಿಯಬೇಡ ಎಂದೆವು, ಮೊರ ಹಿಡಿಯಬೇಡ ಎಂದೆವು, ಬಟ್ಟೆ ಒಣಹಾಕಬೇಡ ಎಂದೆವು. ಆರು ತಿಂಗಳಲ್ಲಿ ಅವಳ ಭುಜ ಮರದಂತಾಯಿತು. ಹೆರಳನ್ನು ಮಗಳು ಹಾಕಬೇಕಾಯಿತು. ಜೋಳದ ರೊಟ್ಟಿಯ ಸಪ್ಪಳ ಅವಳ ಮನೆಯಲ್ಲಿ ಸೊಸೆಯ ಕೈಯದಾಯಿತು. ಅವಳು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಕೆಲವರು ರೋಗ ಅಂಟೀತೆಂದು ಹೊರಗಿನಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಅದನ್ನು ಹೆಚ್ಚು ಬರೆಯಲಾರೆ.

1988ರ ಶ್ರಾವಣದಲ್ಲಿ ನಾನು ರಜೆಗೆ ಹೋಗಿದ್ದಾಗ ಅವಳೇ ಕೇಳಿದಳು, ಕೆರೆಯ ಕಡೆ ಹೋಗೋಣವೆ ಎಂದು. ತ್ರಿಪುರಾಂತಕ ಕೆರೆ ಆ ವರ್ಷ ತುಂಬಿತ್ತು. ದಾರಿಯಲ್ಲಿ ಒಂದು ಪೊಟ್ಟಣ ಚುರುಮುರಿ ಕೊಂಡೆವು. ಮೆಟ್ಟಿಲ ಮೇಲೆ ಕೂತು ಅವಳು ನಾಲ್ಕು ಕಾಳು ನೀರಿಗೆ ಹಾಕಿದಳು. ಸಣ್ಣ ಮೀನುಗಳು ಬಂದವು. ಬಲಗೈಯಲ್ಲಿ ಪೊಟ್ಟಣವಿತ್ತು, ಹಾಕುತ್ತಿದ್ದದ್ದು ಎಡಗೈಯಿಂದ. ಅದು ಅವಳ ಗಮನಕ್ಕೆ ಬಂದಿರಲಿಲ್ಲ, ನನಗೆ ಬಂದಿತ್ತು. ಸ್ವಲ್ಪ ದೂರದಲ್ಲಿ ದೊಡ್ಡ ಮೀನೊಂದು ಬೆನ್ನು ತೋರಿಸಿತು. “ತಮ್ಮಾ, ಅದಕ್ಕ ಮುಟ್ಟವಲ್ದು ನೋಡು” ಎಂದು ಅವಳು ಎದ್ದು ನಿಂತು, ಕೈಯನ್ನು ಇನ್ನೊಂದಿಷ್ಟು ಎತ್ತಿ ಎಸೆದಳು. ಮತ್ತೆ ಎತ್ತಿದಳು. ಕೈ ಹೆಗಲಿನ ಮಟ್ಟಕ್ಕೆ ಬಂದಿತ್ತು, ಮುಖದಲ್ಲಿ ನೋವಿತ್ತು, ನಗುವೂ ಇತ್ತು.

“ಸಾಕಕ್ಕಾ, ಕೈ ನೋಯ್ತದ” ಎಂದು ನಾನು ಪೊಟ್ಟಣ ತೆಗೆದುಕೊಂಡೆ. ಅವಳು ಏನೂ ಅನ್ನಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಉಳಿದ ಚುರುಮುರಿಯನ್ನು ನಾನೇ ನೀರಿಗೆ ಸುರುವಿದೆ.